ಸವಿತಾಳನ್ನು ಇಳಿಸಲ್ಲ

ಇಪ್ಪತ್ತು ವರ್ಷದ ಹಿಂದೆ ಕಾಲೇಜು ಹುಡುಗಿಯರ ಬ್ಯಾಸ್ಕೆಟ್‌ಬಾಲ್ ತಂಡದ ಫಿಸಿಯೊ ಆಗಿ ಕಾಶಿಗೆ ಹೋಗಿದ್ದೆ. ಕನ್ನಡದ ತಂಡ ಬಂದಿದೆಯೆಂದು ಕೇದಾರ ಘಾಟಿನ ಕನ್ನಡ ಪುರೋಹಿತರ ಮನೆಯವರು ದಿನಾ ಊರಿನ ಲಂಕಾ ಬಡಾವಣೆಯ ಮೈದಾನಕ್ಕೆ ಬರುತ್ತಿದ್ದರು. ಎಲ್ಲರಿಗೂ ನೋಡಬೇಕಿದ್ದದ್ದು ನಮ್ಮ ಸವಿತಾಳ ಆಟ. ಅವಳೋ ಮೊದಲ ಪಂದ್ಯದಲ್ಲೇ ಕಾಲು ಉಳುಕಿಸಿಕೊಂಡು ಬೆಂಚು ಹಿಡಿದಿದ್ದಳು. ಹಿಂದಿನ ವರ್ಷ ಮಂಡಿ, ಅದಕ್ಕೂ ಮುಂಚೆ ಭುಜ.

ಫೈನಲ್ ದಿನ ಪುರೋಹಿತರೊಬ್ಬರ ಹೆಂಡತಿ ಸರಸ್ವತಮ್ಮ ನೇರ ನನ್ನ ಹತ್ತಿರ ಬಂದರು.

"ಅರೇ, ಇವಳನ್ನ ಕಾಶಿ ತೋರಿಸೋಕೆ ಕರ್ಕೊಂಡು ಬಂದ್ರೇನಮ್ಮಾ? ಇವತ್ತಾದ್ರೂ ಇಳಿಸ್ತೀರೋ ಇಲ್ವೋ?"

"ಇಲ್ಲ" ಎಂದೆ. ಪಟ್ಟಿ ಬಿಚ್ಚಿ ತೋರಿಸಿದೆ. ಪಾದ ಊದಿಕೊಂಡು ನೀಲಿಗಟ್ಟಿತ್ತು. ಅವರು ಬಗ್ಗಿ ಅದನ್ನೇ ನೋಡಿದರು.

ಕೊನೆಯ ಐದು ನಿಮಿಷವಿದ್ದಾಗ ನಾವು ನಾಲ್ಕು ಅಂಕ ಹಿಂದಿದ್ದೆವು.

"ಎರಡೇ ನಿಮಿಷ ಆಡ್ತೀನಿ ಅಕ್ಕಾ" ಎಂದು ಸವಿತಾ ಅತ್ತಳು. ಕೋಚ್ ನನ್ನ ಮುಖ ನೋಡಿದರು. ಆಗಲ್ಲವೆಂದೆ. ಆದರೂ ಅವಳು ಬೂಟಿಗೆ ಕೈ ಹಾಕಿದಳು. ಸರಸ್ವತಮ್ಮ ಅದನ್ನು ಕಿತ್ತುಕೊಂಡು ಅವಳ ಪಕ್ಕದಲ್ಲೇ ಕೂತುಬಿಟ್ಟರು.

"ನಾಳೆ ನಡೆಯೋಕೂ ಕಾಲು ಬೇಕಲ್ಲ ಪುಟ್ಟಿ. ಸುಮ್ನೆ ಕೂತ್ಕೋ."

ಎರಡು ಅಂಕದಿಂದ ಸೋತೆವು. ಸರಸ್ವತಮ್ಮನ ಸಿಟ್ಟೆಲ್ಲ ರೆಫರಿಯ ಮೇಲೆ ತಿರುಗಿತು. ಕಾಶಿಯಲ್ಲೇ ಹುಟ್ಟಿ ಬೆಳೆದವರು ಬೈಯುವುದಕ್ಕೆ ರೆಫರಿಗೆ ಬಾರದ ಕನ್ನಡವನ್ನೇ ಆರಿಸಿಕೊಂಡದ್ದು ನಮ್ಮ ಪುಣ್ಯ.