ಮಣ್ಣಿನ ಸಾಮಾನಿನವನಿಗೆ ಒಂದು ಚೀಟಿ

ವ್ಯಾಪಾರಿಗಳು ಒಬ್ಬರಿಗೊಬ್ಬರು ಗಿರಾಕಿ ಹುಡುಕಿಕೊಡುವ ಹೊರದೇಶದ ಸಂಘವೊಂದು ಇಂಡಿಯಾಕ್ಕೆ ಆಗಷ್ಟೇ ಕಾಲಿಟ್ಟಿತ್ತು. ಎರಡು ಸಾವಿರದ ಇಸವಿ ದಾಟಿದ ಹೊಸತು. ಅದನ್ನು ಇಡೀ ದೇಶದಲ್ಲಿ ನಡೆಸುವ ಹಕ್ಕು ಹಿಡಿದಿದ್ದ ಪುಣೆಯ ಸಾಹೇಬರು ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ ನಾಲ್ಕೂ ತಾಲೂಕು ನನಗೇ ಕೊಡುತ್ತೇನೆಂದರು. ಆದರೆ ಮೊದಲು ಸಿಂದಗಿಯಲ್ಲಿ ಇಪ್ಪತ್ತು ಮಂದಿಯ ಶಾಖೆಯನ್ನು ಮೂರು ತಿಂಗಳು ನಡೆಸಿ ತೋರಿಸಬೇಕು. ಪಂಪ್‌ಸೆಟ್ ಮಾರಿಕೊಂಡಿದ್ದ ನಾನು ಹಿಗ್ಗಿಹೋದೆ. ಅಪ್ಪ ಮಾತ್ರ ನಕ್ಕುಬಿಟ್ಟ.

"ದಿನಾ ಸಂತ್ಯಾಗ ಭೆಟ್ಟಿ ಆಗೋ ಮಂದೀನ ಮತ್ತ ಕುರ್ಚಿ ಹಾಕಿ ಭೆಟ್ಟಿ ಮಾಡಿಸ್ತಿ ಏನೋ?"

ಮೈಯೆಲ್ಲ ಉರಿಯಿತು. ಗೆದ್ದೇ ತೋರಿಸುತ್ತೇನೆಂದುಕೊಂಡೆ.

ಸಂಘದ ನೇಮ ಹೀಗಿತ್ತು: ವಾರಕ್ಕೊಮ್ಮೆ ಬೆಳಿಗ್ಗೆ ಏಳಕ್ಕೆ ಸೇರಬೇಕು. ಒಂದು ಕಸುಬಿಗೆ ಒಬ್ಬನೇ ಸದಸ್ಯ. ಒಬ್ಬರಿಗೊಬ್ಬರು ಗಿರಾಕಿಯ ಹೆಸರು ಬರೆದ ಚೀಟಿ ಕೊಡಬೇಕು. ಚೀಟಿ ಪಡೆದವನು ಆ ಮನೆಗೆ ಹೋಗಿ, ಹೆಸರು ಕೊಟ್ಟವರು ಯಾರೆಂದು ಹೇಳಿಯೇ ಮಾತು ಶುರು ಮಾಡಬೇಕು. ತಿಂಗಳಿಗೊಂದು ಚೀಟಿಯೂ ಸಿಗದ ಸದಸ್ಯ ಒಬ್ಬನಿದ್ದರೂ ಶಾಖೆಗೆ ಮನ್ನಣೆಯಿಲ್ಲ.

ಹತ್ತೊಂಬತ್ತು ಮಂದಿ ಸಿಕ್ಕರು. ಇಪ್ಪತ್ತನೆಯವನಿಗಾಗಿ ಪರದಾಡಿ, ಕಡೆಗೆ ಮಣ್ಣಿನ ಸಾಮಾನು ಮಾರುವವನನ್ನು ಸೇರಿಸಿಕೊಂಡೆ. ನಮ್ಮ ಕಡೆ ಸತ್ತವರನ್ನು ಹೂಳುವುದಕ್ಕೆ ಮಣ್ಣು ಮಾಡುವುದು ಅನ್ನುತ್ತೇವೆ. ಬಿಳಿ ಬಟ್ಟೆ, ವಿಭೂತಿ, ಹೆಣವನ್ನು ಕೂರಿಸಿ ಒಯ್ಯುವ ಬಿದಿರಿನ ವಿಮಾನ, ಇವು ಅವನ ಸರಕು. ಎಲ್ಲರಿಗಿಂತ ಮೊದಲು ಬಂದು ಕೂರುತ್ತಿದ್ದ. ತನ್ನ ಸರದಿ ಬಂದಾಗ ಕೈಮುಗಿದು, "ನಂದೇನ್ ಹೇಳೂದೈತ್ರಿ, ಎಲ್ಲಾರಿಗೂ ಬೇಕಾಗೂದ ಐತಿ" ಅನ್ನುತ್ತಿದ್ದ. ಚೀಟಿ ಮಾತ್ರ ಯಾರೂ ಕೊಡಲಿಲ್ಲ. ಕೊಡುವುದಾದರೂ ಯಾರ ಹೆಸರು? ಬದುಕಿರುವವರದು!

ಮೊದಲ ತಿಂಗಳ ಕೊನೆಗೆ ಗೊಬ್ಬರದಂಗಡಿಯವನು ಕನಿಕರಪಟ್ಟು, ವರ್ಷದಿಂದ ಹಾಸಿಗೆ ಹಿಡಿದಿದ್ದ ಕನ್ನೊಳ್ಳಿಯ ತನ್ನ ಸೋದರಮಾವನ ಹೆಸರು ಬರೆದುಕೊಟ್ಟ. ನಾವು ಚಹಾ ಕುಡಿದು ಏಳುವಷ್ಟರಲ್ಲಿ ಫೋನ್ ಬಂತು, ಮಾವ ಹೋಗಿದ್ದ. "ಕಾಗಿ ಕೂಡೂದಕ್ಕೂ ಟೊಂಗಿ ಮುರಿಯೂದಕ್ಕೂ ಸರಿ ಆತ ಬಿಡ್ರಿ" ಎಂದು ನಾನೇ ಸಮಾಧಾನ ಹೇಳಿದೆ. ಮುಂದಿನ ತಿಂಗಳು ಹೊರ್ತಿಯ ಮುದುಕಿಯೊಬ್ಬಳ ಹೆಸರು ಬಿತ್ತು. ಆಕೆಗೆ ಕಾಲು ಮುರಿದಿತ್ತು, ಅಷ್ಟೇ. ಮೂರನೇ ದಿನ ಆಕೆಯೂ ತೀರಿಕೊಂಡಳು.

ಅಲ್ಲಿಂದಾಚೆ ಅವನ ಎಡಬಲದ ಕುರ್ಚಿಗಳು ಖಾಲಿ. ಅವನೆದುರು ಯಾರೂ ಪೆನ್ನು ತೆಗೆಯುತ್ತಿರಲಿಲ್ಲ. ಕೆಮ್ಮು ಬಂದವರು ಹೊರಗೆ ಹೋಗಿ ಕೆಮ್ಮಿ ಬರುತ್ತಿದ್ದರು. "ಹಾದ್ಯಾಗ ಹೊಂಟ ಮಾರೀನ ಮನಿಗಿ ಕರದಂಗ ಆತಲ್ಲೋ" ಎಂದು ಗೊಬ್ಬರದವನು ನನ್ನ ಮೇಲೆ ಹರಿಹಾಯ್ದ.

"ನಾ ಏನ್ ಮಾಡೇನ್ರಿ?" ಎಂದು ಮಣ್ಣಿನ ಸಾಮಾನಿನವನು ಕೇಳುತ್ತಿದ್ದ. ಪಾಪ, ಅವನು ಏನೂ ಮಾಡಿರಲಿಲ್ಲ.

ಮೂರನೆಯ ತಿಂಗಳ ಕೊನೆಯ ಸಭೆಗೆ ಪುಣೆಯ ಸಾಹೇಬರು ಬಂದರು. ಅವನೊಬ್ಬನಿಗೆ ಚೀಟಿಯಿಲ್ಲ. ಹತ್ತೊಂಬತ್ತು ಜನರಲ್ಲಿ ಯಾರೂ ತಲೆ ಎತ್ತಲಿಲ್ಲ. ಪರರ ಮನೆಯ ಹೆಸರು ಬರೆಯಲು ನನಗೆ ಧೈರ್ಯ ಬರಲಿಲ್ಲ. ಎಂಬತ್ತರ ಅಪ್ಪ ಗುಂಡುಕಲ್ಲಿನಂತಿದ್ದ. ಬರೀ ಕಾಗದ ತಾನೆ ಅಂದುಕೊಂಡು ಅಪ್ಪನ ಹೆಸರು ಬರೆದೆ.

"ಇದು ಸಾಹೇಬ್ರಿಗೆ ತೋರಸಾಕಷ್ಟ. ಮನಿಗಿ ಹೋಗಬ್ಯಾಡ" ಎಂದು ಸಾಮಾನಿನವನ ಕಿವಿಯಲ್ಲಿ ಹೇಳಿದೆ.

"ನೇಮಾ ಐತೆಲ್ರಿ" ಅಂದವನೇ ಚೀಟಿಯನ್ನು ಕಣ್ಣಿಗೊತ್ತಿಕೊಂಡ.

ಸಾಹೇಬರು ಸಹಿ ಹಾಕಿದರು. ಅವರಿಗೆ ಊಟ ಮಾಡಿಸಿ, ಪೇಡೆ ಹಿಡಿದು ಮಧ್ಯಾಹ್ನ ಮನೆಗೆ ಬಂದರೆ ಕಟ್ಟೆಯ ಮೇಲೆ ಮಣ್ಣಿನ ಸಾಮಾನಿನವನು ಕೂತಿದ್ದ. ಎದುರಿಗೆ ಅಪ್ಪ.

"ಬಾ. ನೀನ ನನ್ನ ಹೆಸರ ಕೊಟ್ಟೀಯಂತ?"

"ಅಪ್ಪಾ, ಅದು ಸಂಘದ ನೇಮ..."

ಅಪ್ಪ ಕೈಯೆತ್ತಿ ನನ್ನ ಬಾಯಿ ಮುಚ್ಚಿಸಿದ. ಧೋತರ ಸರಿಮಾಡಿಕೊಂಡು, ಗೋಡೆಗೆ ಬೆನ್ನು ಕೊಟ್ಟು, ಚಕ್ಕಳಮಕ್ಕಳ ಹಾಕಿ ನೆಟ್ಟಗೆ ಕೂತ. ನಮ್ಮಲ್ಲಿ ಸತ್ತವರನ್ನು ಕೂರಿಸುವುದೂ ಹಾಗೆಯೇ.

"ಅಳತಿ ತಗೋರಿ" ಅಂದ.

ಅವನು ಜೇಬಿನಿಂದ ದಾರ ತೆಗೆದು ಭುಜದಿಂದ ಭುಜಕ್ಕೆ, ತೊಡೆಯಿಂದ ನೆತ್ತಿಗೆ ಹಿಡಿದು ಗಂಟು ಹಾಕಿಕೊಂಡ. ಅಷ್ಟು ಹೊತ್ತೂ ಅಪ್ಪ ನನ್ನನ್ನೇ ನೋಡುತ್ತಿದ್ದ, ರೆಪ್ಪೆ ಬಡಿಯದೆ. ಪೇಡೆಯ ಪೊಟ್ಟಣ ನನ್ನ ಕೈಯಲ್ಲೇ ಇತ್ತು.

ನಾಲ್ಕೂ ತಾಲೂಕಿನಲ್ಲಿ ನನ್ನ ಶಾಖೆಗಳಾದವು. ಅಪ್ಪ ಮತ್ತೆ ಆರು ವರ್ಷ ಬದುಕಿದ. ನಾನು ಮನೆಗೆ ಬಂದಾಗಲೆಲ್ಲ, ಸಿಟ್ಟಿಲ್ಲದೆ, ಮಳೆಬೆಳೆ ವಿಚಾರಿಸುವ ದನಿಯಲ್ಲಿ ಒಂದೇ ಮಾತು ಹೇಳುತ್ತಿದ್ದ:

"ಇನ್ನೂ ಜೀವಂತ ಅದೇನಿ ನೋಡಪಾ. ತಡಾ ಆತು."