ಲಗ್ಗೆರೆಯ ಒದ್ದೆ ಚಡ್ಡಿಗಳು

ಲಗ್ಗೆರೆಯ ಶಿಶುವಿಹಾರದಲ್ಲಿ ನಾನು ಆಯಾ ಕೆಲಸಕ್ಕೆ ಸೇರಿದ್ದು ಫೆಬ್ರವರಿ ಮೂರರಂದು. ಎಲ್ಲಕ್ಕೂ ಲೆಕ್ಕ ಇಡುವುದು ನನ್ನ ಚಟ. ಹಾಗಾಗಿ ಮೊದಲ ವಾರವೇ ಕಂಡುಬಿಟ್ಟಿತು: ಮಕ್ಕಳ ನೀರಿನ ಬಾಟಲಿಗಳು ಬೆಳಿಗ್ಗೆ ತುಂಬಿ ಬರುತ್ತಿದ್ದವು, ಸಂಜೆ ಹೆಚ್ಚುಕಡಿಮೆ ಹಾಗೆಯೇ ಮನೆಗೆ ಹೋಗುತ್ತಿದ್ದವು. ಗೋಡೆಯ ಮೇಲೆ ‘ನೀರು ಕುಡಿಯಿರಿ, ಆರೋಗ್ಯವಾಗಿರಿ’ ಎಂದು ದೊಡ್ಡದಾಗಿ ಬರೆಸಿದ್ದರು. ಬಾಟಲಿಗಳು ಮಾತ್ರ ಮಕ್ಕಳ ಕೈಗೆಟುಕದ ಶೆಲ್ಫಿನ ಮೇಲಿರುತ್ತಿದ್ದವು.

ಯಾಕೆಂದು ಕೇಳಿದರೆ ಮಾಲಕಿ ನಕ್ಕರು. “ಕುಡಿದ್ರೆ ಉಚ್ಚೆ ಹುಯ್ಕೋತವೆ ಕಣಮ್ಮ. ಗಾರ್ಮೆಂಟ್ಸಿಂದ ಬರೋ ತಾಯಂದ್ರು ಮೊದ್ಲು ಚಡ್ಡಿ ಮುಟ್ಟಿ ನೋಡ್ತಾರೆ. ಒಣಗಿದ್ರೆ ನಾವು ಚೆನ್ನಾಗಿ ನೋಡ್ಕೋತೀವಿ ಅಂತ ಅರ್ಥ.”

ಅದಾದ ಮರುದಿನ ಎರಡೂವರೆ ವರ್ಷದ ಹುಡುಗಿಯೊಬ್ಬಳು ಬಚ್ಚಲಲ್ಲಿ ಉಚ್ಚೆಗೆ ಕೂತು ‘ಉರಿ, ಉರಿ’ ಎಂದು ಅತ್ತಳು. ನಾನು ಬಾಟಲಿಗಳನ್ನೆಲ್ಲ ಕೆಳಗಿಳಿಸಿ ಚಾಪೆಯ ಪಕ್ಕದಲ್ಲಿಟ್ಟೆ. ಮಕ್ಕಳು ಮುಗಿಬಿದ್ದು ಕುಡಿದವು. ಸಂಜೆಯೊಳಗೆ ಚಡ್ಡಿಗಳು ಬಕೆಟ್ ತುಂಬಿದವು.

ಆ ಹುಡುಗಿಯ ತಾಯಿ ಬಾಗಿಲಲ್ಲೇ ರೇಗಿದಳು. “ಇವತ್ತೇನು ಮೂರು ಚಡ್ಡಿ ಒದ್ದೆ? ಮಗೂನ ನೋಡ್ಕೊಳ್ತೀರೋ, ಫೋನ್ ನೋಡ್ತಾ ಕೂರ್ತೀರೋ?”

“ಮಗೂನ ನೋಡಿದ್ದಕ್ಕೇ ಒದ್ದೆ ಆಗಿದ್ದು ಅಕ್ಕ. ಇಷ್ಟು ದಿನ ಇಲ್ಲಿ ನೀರೇ ಕೊಡ್ತಿರ್ಲಿಲ್ಲ. ಉರಿ ಅಂತ ಅಳ್ತಾಳೆ, ಡಾಕ್ಟರ್‌ಗೆ ತೋರ್ಸಿ. ನಾನು ನಾಳೆನೂ ಕುಡಿಸ್ತೀನಿ. ಚಡ್ಡಿ ಜಾಸ್ತಿ ಕಳ್ಸಿ.”

ತಾಯಿ ಮಾಲಕಿಯ ಕಡೆ ತಿರುಗಿದಳು. ಮಾಲಕಿ ಫೋನನ್ನು ಕಿವಿಗಿಟ್ಟುಕೊಂಡು ಒಳಗೆ ಹೋದರು.

ಎಲ್ಲರೂ ಹೋದ ಮೇಲೆ ಅವರು ನನ್ನನ್ನು ಕೆಲಸದಿಂದ ತೆಗೆಯಲಿಲ್ಲ. “ಒಗೆದಿದ್ದನ್ನ ಹಿಂದ್ಗಡೆ ಒಣಹಾಕು, ಯಾರ್ಗೂ ಕಾಣ್ಬಾರ್ದು” ಎಂದರು ಅಷ್ಟೇ. ನಾನು ಹಗ್ಗವನ್ನು ರಸ್ತೆಯ ಕಡೆಗೆ, ಗೇಟಿನಿಂದ ಕಿಟಕಿಯ ಸರಳಿಗೆ, ಎಳೆದು ಕಟ್ಟಿದೆ.