ಇಸ್ತ್ರಿ ಅಕ್ಕನ ಇಂಗ್ಲಿಷು

ಟೀವಿಯ ಹಾಸ್ಯ ಕಾರ್ಯಕ್ರಮ ತಯಾರಾಗುವ ಆ ಸ್ಟುಡಿಯೋದಲ್ಲಿ ಹಲಗೆಗೋಡೆಯ ಆಚೆ ನಗು, ಈಚೆ ಇಸ್ತ್ರಿ ಅಕ್ಕನ ಕೋಣೆ. ಅಲ್ಲಿ ಒಂದು ಉದ್ದನೆಯ ಮೇಜು, ಒಂದು ಹೊಲಿಗೆ ಯಂತ್ರ, ಸಾಲುಸಾಲು ಹ್ಯಾಂಗರು. ಹತ್ತೊಂಬತ್ತು ವರ್ಷ ನಟರ ಬಟ್ಟೆಗೆ ಇಸ್ತ್ರಿ ಹಾಕಿ, ಕಿತ್ತ ಗುಂಡಿ ಹೊಲಿದು, ಬಣ್ಣ ಹತ್ತಿದ ಕಾಲರು ತಿಕ್ಕಿ ತಿಕ್ಕಿ, ಅವಳಿಗೆ ಅಪ್ಪ ಅಮ್ಮ ಇಟ್ಟ ಹೆಸರು ಸಂಬಳದ ದಿನ ಮಾತ್ರ ಕೇಳಿಸುತ್ತಿತ್ತು.

ಶಾಲೆಗೆ ಹೋದದ್ದು ನಾಲ್ಕನೆಯ ತರಗತಿಯವರೆಗೆ. ಆದರೆ ದೇವರು ಕೆಲವರಿಗೆ ಕಿವಿಯನ್ನೇ ಶಾಲೆ ಮಾಡಿ ಕೊಟ್ಟಿರುತ್ತಾನೆ. ಚಿತ್ರೀಕರಣ ಮುಗಿದ ಮೇಲೆ ಹಾಸ್ಯನಟ, ಮಾತು ಬರೆದುಕೊಡುವ ಬರಹಗಾರ, ನಿರ್ದೇಶಕ ಮೂವರೂ ಅವಳ ಕೋಣೆಗೇ ಬರುವರು. ಬಟ್ಟೆಯ ಟ್ರಂಕುಗಳ ಮೇಲೆ ಕೂತು, ಟೀ ಬನ್ನು ಮುಂದಿಟ್ಟುಕೊಂಡು, ಅಂದು ಜನ ಎಲ್ಲಿ ನಕ್ಕರು, ಎಲ್ಲಿ ನಗಲಿಲ್ಲ ಎಂದು ಕೂದಲು ಸೀಳುವರು. ಮಾತು ಅರ್ಧ ಕನ್ನಡ, ಅರ್ಧ ಇಂಗ್ಲಿಷು.

ಮೊದಮೊದಲು ಅಕ್ಕ ಕಂಗಾಲಾದಳು. "ಇವತ್ತು ಆಡಿಯನ್ಸ್ ತುಂಬಾ ಕೋಲ್ಡು" ಎಂದು ನಿರ್ದೇಶಕ ಗೊಣಗಿದಾಗ, "ಎ.ಸಿ. ಕಮ್ಮಿ ಮಾಡೋಕೆ ಹೇಳಿ ಬರ್ಲಾ ಸಾರ್?" ಎಂದು ಎದ್ದುನಿಂತಿದ್ದಳು. ಇನ್ನೊಂದು ದಿನ ಹಾಸ್ಯನಟ, "ಐ ಡೈಡ್ ಟುಡೇ" ಎಂದ. ಡೈ ಅಂದರೆ ಸಾವು ಎಂದು ಅವಳಿಗೆ ಗೊತ್ತಿತ್ತು. ಆದರೆ ಸತ್ತವನು ಎರಡನೆಯ ಬನ್ನಿಗೆ ಕೈ ಹಾಕುವುದುಂಟೇ? ಯೋಚಿಸಿ ಯೋಚಿಸಿ, ಒಬ್ಬರೂ ನಗದಿದ್ದರೆ ನಟ 'ಡೈಡ್' ಎಂದು ತೀರ್ಮಾನಕ್ಕೆ ಬಂದಳು. 'ಕಿಲ್ಡ್' ಕಲಿಯಲು ಕಷ್ಟವಾಗಲಿಲ್ಲ. ನಗಿಸಿ ನಗಿಸಿ ಸಾಯಿಸಿಬಿಟ್ಟ ಅಂತ ನಾವೂ ಅನ್ನುತ್ತೇವಲ್ಲ! ಹೊಸ ಪದ ಸಿಕ್ಕಿದಾಗೆಲ್ಲ ಹಳೆಯ ಬಟ್ಟೆಚೀಟಿಯ ಹಿಂದೆ ಕನ್ನಡದಲ್ಲಿ ಗೀಚಿ ಮನೆಗೆ ಒಯ್ಯುವಳು.

ಮನೆಯಲ್ಲಿ ನಾದಿನಿ ಇದ್ದಳು. ಶಾಲೆಯಲ್ಲಿ ಇಂಗ್ಲಿಷ್ ಟೀಚರು; ನಾಲಿಗೆಯೂ ಕೆಂಪು ಶಾಯಿಯ ಪೆನ್ನಿನಂಥದ್ದೇ.

"ಅತ್ತಿಗೇ, ಏನಿದು? 'ಬೀಟ್ ಅಂದ್ರೆ ಸುಮ್ಮನಿರೋದು' ಅಂತ ಬರ್ದಿದೀರಲ್ಲ! ಬೀಟ್ ಅಂದ್ರೆ ಹೊಡಿಯೋದು."

"ನಿಮ್ಮ ಶಾಲೇಲಿ ಹೊಡಿಯೋದು ಇರ್ಬೋದು ಕಣೆ. ನಮ್ಮಲ್ಲಿ ನಗೆಮಾತಿಗೆ ಮುಂಚೆ ಒಂದು ಗಳಿಗೆ ಬಾಯಿ ಮುಚ್ಕೊಂಡಿರೋದು. ನೀನೂ ಕಲಿತ್ಕೋ, ಉಪಯೋಗಕ್ಕೆ ಬರತ್ತೆ."

"ಈ ಇಂಗ್ಲಿಷ್ ಇಟ್ಕೊಂಡು ಯಾರ ಮುಂದೇನೂ ಬಾಯಿ ಬಿಡ್ಬೇಡಿ, ದಮ್ಮಯ್ಯ."

ಬಾಯಿ ಬಿಡಲೇಬೇಕಾದ ದಿನ ಬಂತು. ಇಸ್ತ್ರಿ ಕೆಲಸವನ್ನು ಹೊರಗಿನ ಲಾಂಡ್ರಿಗೆ ಒಪ್ಪಿಸುವುದೆಂದು ಚಾನೆಲ್ಲು ನಿರ್ಧರಿಸಿತು. ಉಳಿಯುವುದು ಒಂದೇ ಹುದ್ದೆ, ಉಡುಪಿನ ಉಗ್ರಾಣದ ಮೇಲ್ವಿಚಾರಣೆ. ಅದಕ್ಕೆ ಅಕ್ಕ ತಕ್ಕವಳೋ ಅಲ್ಲವೋ ಎಂದು ನೋಡಲು ಮುಖ್ಯ ಕಚೇರಿಯಿಂದ ಅಧಿಕಾರಿಣಿಯೊಬ್ಬರು ಬರುತ್ತಾರೆ. ಅವರಿಗೆ ಕನ್ನಡ ಬಾರದು. ಒಪ್ಪಿಗೆಯಾದರೆ ಕೆಲಸ ಉಂಟು, ಇಲ್ಲದಿದ್ದರೆ ತಿಂಗಳ ಕೊನೆಗೆ ಮನೆ.

"ಎಸ್ ಮೇಡಮ್, ಫೈನ್ ಮೇಡಮ್, ಅಷ್ಟೇ ಅನ್ನಿ," ಎಂದು ನಾದಿನಿ ಬಾಗಿಲವರೆಗೂ ಬಂದು ಹೇಳಿದಳು. "ನಿಮ್ಮ ತಪ್ಪು ಮಾತ್ರ ಒಂದೂ ಹೇಳ್ಬೇಡಿ."

ಮ್ಯಾನೇಜರನ ಕೋಣೆಯಲ್ಲಿ ಅಧಿಕಾರಿಣಿ ಫೈಲು ಹರಡಿಕೊಂಡು ಕೂತಿದ್ದರು. ಪಕ್ಕದಲ್ಲಿ ಮ್ಯಾನೇಜರ್. ಅಕ್ಕ ಕುರ್ಚಿಯ ಅಂಚಿನಲ್ಲಿ ಕೂತು, ನೀನೇ ನಡೆಸಪ್ಪಾ ಎಂದು ಮನಸ್ಸಿನಲ್ಲೇ ಅಂದುಕೊಂಡಳು. ಎಸ್ ಮೇಡಮ್ ಎರಡಾಯಿತು, ಫೈನ್ ಮೇಡಮ್ ಮೂರಾಯಿತು. ಆಮೇಲೆ ಅವರು, ಇಲ್ಲಿ ನೀನು ಕಂಡ ಅತಿ ಕೆಟ್ಟ ದಿನ ಯಾವುದು ಎಂದು ಇಂಗ್ಲಿಷಿನಲ್ಲಿ ಕೇಳಿದರು. ಅದಕ್ಕೆ ಫೈನ್ ಅನ್ನಲಾದೀತೇ?

"ಲಾಸ್ಟ್ ಮಂತ್ ಫ್ರೈಡೇ, ಮೇಡಮ್. ಹೀರೋ ಡೈಡ್."

ಅಧಿಕಾರಿಣಿಯ ಪೆನ್ನು ನಿಂತಿತು. "ಡೈಡ್? ಹಿಯರ್?"

"ಎಸ್ ಮೇಡಮ್. ಫುಲ್ ಹೌಸ್. ಎವರಿಬಡಿ ಸೀಯಿಂಗ್. ಸ್ಲೋ ಸ್ಲೋ ಡೈಡ್." ಅವರ ಮುಖ ಬಿಳಿಚಿದ್ದು ಕಂಡು ಅಕ್ಕ ಸಮಾಧಾನ ಹೇಳಿದಳು. "ನೋ ಟೆನ್ಷನ್ ಮೇಡಮ್. ಸ್ಯಾಟರ್ಡೇ ಹೀ ಕಿಲ್ಡ್."

"ಕಿಲ್ಡ್ ಹೂಮ್?"

"ಎವರಿಬಡಿ! ಲೇಡೀಸ್, ಚಿಲ್ಡ್ರನ್, ಆಲ್. ವೆರಿ ನೈಸ್ ಕಿಲ್ಲಿಂಗ್."

ಮ್ಯಾನೇಜರ್ ಕರವಸ್ತ್ರದೊಳಗೆ ಕೆಮ್ಮಿದ. ಅವನ ಭುಜ ಕುಣಿಯುತ್ತಿತ್ತು. ಉಸಿರು ಹಿಡಿತಕ್ಕೆ ಬಂದ ಮೇಲೆ, ಯಾರೂ ಸತ್ತಿಲ್ಲ, ಇದು ನಗಿಸುವವರ ಪರಿಭಾಷೆ ಎಂದು ಬಿಡಿಸಿ ಹೇಳಿದ. ಅಧಿಕಾರಿಣಿ ಎದೆಯ ಮೇಲೆ ಕೈಯಿಟ್ಟು ದೊಡ್ಡ ಉಸಿರು ಬಿಟ್ಟರು. ಮತ್ತೆ ಫೈಲಿನ ಹಾಳೆ ತಿರುವಿ, ಆ ಶುಕ್ರವಾರದ ವರದಿಯನ್ನು ಗಟ್ಟಿಯಾಗಿ ಓದಿದರು. ಸೋಲಿಗೆ ಕಾರಣ ಬರಹಗಾರ, ಅವನಿಗೆ ಎಚ್ಚರಿಕೆ ಕೊಡಲಾಗಿದೆ ಎಂದಿತ್ತು.

ಬರಹಗಾರನಿಗೆ ಎಚ್ಚರಿಕೆ ಬಂದದ್ದು ಅಕ್ಕನಿಗೆ ಗೊತ್ತೇ ಇರಲಿಲ್ಲ. ಆ ಹುಡುಗಾಟದ ಮನುಷ್ಯ ನಾಲ್ಕು ವಾರದಿಂದ ಟ್ರಂಕಿನ ಮೇಲೆ ಮೂಕನಂತೆ ಕೂರುತ್ತಿದ್ದುದೇಕೆಂದು ಈಗ ಹೊಳೆಯಿತು. ಸುಮ್ಮನಿದ್ದರೆ ಕೆಲಸ ಉಳಿಯುತ್ತದೆ. ಮಾತಾಡಿದರೆ ಹೋದರೂ ಹೋಯಿತು.

"ನೋ ಮೇಡಮ್," ಎಂದಳು. "ರೈಟರ್ ಗುಡ್. ಮಿಸ್ಟೇಕ್ ಮೈನ್. ಮೈ ಸ್ಟಿಚ್... ಟೂ ಗುಡ್."

ಇಬ್ಬರಿಗೂ ಅರ್ಥವಾಗಲಿಲ್ಲ. ಅಕ್ಕ ಎದ್ದು ತನ್ನ ಕೋಣೆಗೆ ಹೋಗಿ, ಎರಡು ಪ್ಯಾಂಟು ತಂದು ಮೇಜಿನ ಮೇಲೆ ಹಾಸಿದಳು. ಆಮೇಲೆ ಕನ್ನಡಕ್ಕೇ ಇಳಿದಳು. "ಸಾರ್, ಇದನ್ನ ಮೇಡಮ್ಮಿಗೆ ನೀವೇ ಹೇಳಿ. ಅವತ್ತಿನ ಸ್ಕಿಟ್ಟಲ್ಲಿ ಮದುವೆ ಗಂಡು ಬಗ್ಗಿದಾಗ ಪ್ಯಾಂಟು ಹರಿಬೇಕು, ಅಲ್ಲೇ ನಗು ಬರ್ಬೇಕು. ನಂಗೆ ಯಾರೂ ಹೇಳಿರ್ಲಿಲ್ಲ. ಹಿಂಭಾಗದ ಹೊಲಿಗೆ ಸಡಿಲ ಇದೆ, ಪಾಪ ಮಾನ ಹೋದೀತು ಅಂತ, ನಾನು ಎರಡೆಳೆ ದಾರ ಹಾಕಿ ಭದ್ರ ಮಾಡಿಟ್ಟೆ. ಅವರು ಏಳು ಸಲ ಬಗ್ಗಿದ್ರು. ಜಪ್ಪಯ್ಯ ಅಂದ್ರೂ ಹರೀಲಿಲ್ಲ. ಶನಿವಾರ ಅದನ್ನ ಬಿಟ್ಟು ಈ ಇನ್ನೊಂದಕ್ಕೆ ನಾನೇ ಸಡಿಲ ಹೊಲಿಗೆ ಹಾಕ್ದೆ; ಹರಿದ್ಮೇಲೆ ಮತ್ತೆ ಹಾಗೇ ಹೊಲ್ದಿಟ್ಟಿದೀನಿ. ಯಾಕೆ ಅಂತ ಹೇಳೋಕೆ ಹೆದರಿಕೆ ಆಯ್ತು. ಅದು ಇನ್ನೊಂದು ತಪ್ಪು."

ಮ್ಯಾನೇಜರ್ ನಗೆ ಮರೆತು, ಒಂದೊಂದೇ ಮಾತನ್ನು ಇಂಗ್ಲಿಷಿಗೆ ತಿರುಗಿಸಿದ. ಅಧಿಕಾರಿಣಿ ಮೊದಲ ಪ್ಯಾಂಟು ಹಿಡಿದು ಎಳೆದರು. ಎದ್ದುನಿಂತು ಎಳೆದರು. ಬಳೆ ಸರಿಸಿಕೊಂಡು, ಹಲ್ಲು ಕಚ್ಚಿ ಎಳೆದರು. ಅದು ಬಂಡೆ. ಎರಡನೆಯದನ್ನು ಮುಟ್ಟಿದ್ದೇ ತಡ, ಪರ್ರೆಂದು ಸೊಂಟದಿಂದ ಮೊಣಕಾಲಿನವರೆಗೆ ಬಾಯಿ ಬಿಟ್ಟಿತು. ಅವರು ಹಾಗೇ ಕುರ್ಚಿಗೆ ಕುಸಿದು, ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು.

ನಗು ಮುಗಿದ ಮೇಲೆ ವರದಿಯಲ್ಲಿ ಬರಹಗಾರನ ಹೆಸರಿನ ಮೇಲೆ ಗೆರೆ ಎಳೆದರು. ಅಕ್ಕನ ಹೆಸರನ್ನು ಎಲ್ಲಿ ಬರೆದರೋ ಅವಳಿಗೆ ಕಾಣಲಿಲ್ಲ. ಸಂಜೆ ಮ್ಯಾನೇಜರ್ ಒಂದು ಲಕೋಟೆ ಕೊಟ್ಟು, "ಮನೇಲಿ ಟೀಚರ್ ಇದಾರಲ್ಲ, ಓದಿಸ್ಕೊಳ್ಳಿ ಅಕ್ಕಾ," ಎಂದಷ್ಟೇ ಹೇಳಿದ.

ನಾದಿನಿ ಕಾಗದ ಬಿಡಿಸುವಾಗ ಅಕ್ಕ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದಳು. ಕೈಯಲ್ಲಿದ್ದ ಸೌಟು ಕೆಳಗಿಡಲೂ ತೋಚಲಿಲ್ಲ.

"ಕೆಲಸ ನಿಮ್ದೇ ಅತ್ತಿಗೆ!" ಎಂದು ಕೂಗಿದ ನಾದಿನಿ, ಮುಂದಿನ ಸಾಲಿಗೆ ಬಂದು ಗಂಟಲು ಸರಿಮಾಡಿಕೊಂಡಳು. "ಆದ್ರೆ ಪ್ರೊಬೇಷನ್ ಅಂತಿದೆ. ಈ ಪದ ನಿಮ್ಮ ಟ್ರಂಕಿನ ಮೇಲಿನ ಕಾಲೇಜಲ್ಲಿ ಬಂದಿರಲಿಕ್ಕಿಲ್ಲ."

"ಏನಂಗಂದ್ರೆ?"

"ಆರು ತಿಂಗಳು ಪರೀಕ್ಷೆ. ನಡತೆ, ಕೆಲಸ ಎಲ್ಲಾ ನೋಡ್ತಾರೆ. ಹೆಜ್ಜೆಹೆಜ್ಜೆಗೂ ತಪ್ಪು ಹುಡುಕ್ತಾರೆ. ಸಹಿಸ್ಕೊಂಡಿರ್ಬೇಕು."

"ಆರೇ ತಿಂಗಳಾ?" ಅಕ್ಕ ಸೌಟನ್ನು ಪಾತ್ರೆಗೆ ಇಳಿಬಿಟ್ಟಳು. "ಈ ಮನೇಲಿ ನಿನ್ನ ಕೈಕೆಳಗೆ ನಂದು ಇಪ್ಪತ್ತೆರಡನೇ ವರ್ಷ ಕಣೆ. ಬಾ, ಊಟಕ್ಕೆ ಕೂತ್ಕೋ."